ಹಳೇ ಬ್ಯಾರೆಲ್ ಅಳೆದೆ, ಗುಂಡನ್ನು ಅಳೆಯಲಿಲ್ಲ

ಗುರಿ ಕಾಗದದಲ್ಲಿ ತೂತು ದುಂಡಗಿರಬೇಕು. ಆ ಶನಿವಾರ ನಾನು ನೂರು ಗಜ ನಡೆದು ಹೋಗಿ ನೋಡಿದ ತೂತು ಅವರೆಕಾಳಿನ ಆಕಾರದಲ್ಲಿತ್ತು. ಪಕ್ಕದಲ್ಲೇ ಇನ್ನೊಂದು, ಅದೂ ಹಾಗೇ. ಗುಂಡು ನೇರವಾಗಿ ಹಾರದೆ ಓಲಾಡುತ್ತಾ ಬಂದು ಬಿದ್ದಿದೆ ಅಂತ ಅರ್ಥ. ಆ ರೈಫಲ್‌ನ ಬ್ಯಾರೆಲ್ (ನಳಿಗೆ) ಆರಿಸಿದ್ದೂ ನಾನೇ, ಕೂರಿಸಿದ್ದೂ ನಾನೇ.

ನಾನು ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ಬೆಟ್ಟಗಳ ಬುಡದ ಊರಿನಲ್ಲಿ, ಬಂದೂಕು ರಿಪೇರಿ ಮಾಡುವ ಒಂದು ಗನ್‌ಸ್ಮಿತ್ ಅಂಗಡಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಕೆಲಸ ಕಲಿತದ್ದು ಪೀಣ್ಯದಲ್ಲಿ, ಎಚ್‌ಎಂಟಿ ಲೇತ್ ಮೇಲೆ. ಅಲ್ಲಿ ನಮಗೆ ಡ್ರಾಯಿಂಗ್ ಬರುತ್ತಿದ್ದುದೇ ಕಡಿಮೆ. ಸವೆದ ಸ್ಯಾಂಪಲ್ ಪೀಸ್ ಬರುತ್ತಿತ್ತು. ಮೈಕ್ರೋಮೀಟರ್ ಹಿಡಿದು ಅಳೆಯಬೇಕು, ಅಂಥದ್ದೇ ಹೊಸದು ಇಳಿಸಬೇಕು. ಅದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಈ ಕಥೆಯಲ್ಲಿ ನನ್ನನ್ನು ದಾರಿ ತಪ್ಪಿಸಿದ್ದು ಆ ಅಭ್ಯಾಸವೇ.

ಜನವರಿಯಲ್ಲಿ ಒಬ್ಬ ಅಜ್ಜ ಬಂದರು. ಎಪ್ಪತ್ತು ದಾಟಿದೆ. ಕೈಯಲ್ಲಿ ಹಳೇ ರೆಮಿಂಗ್ಟನ್ 700 ರೈಫಲ್, .243 ವಿಂಚೆಸ್ಟರ್ ಕಾರ್ಟ್ರಿಜ್‌ನದು. ಬ್ಯಾರೆಲ್ ಒಳಗೆ ಬೋರ್‌ಸ್ಕೋಪ್ ಹಾಕಿ ನೋಡಿದೆ. ಥ್ರೋಟ್, ಅಂದರೆ ಗುಂಡು ಬ್ಯಾರೆಲ್‌ಗೆ ನುಗ್ಗುವ ಜಾಗ, ಸುಟ್ಟು ಬಿರುಕು ಬಿಟ್ಟು, ಬೇಸಿಗೆಯ ಕೆರೆ ತಳದ ಹಾಗೆ ಕಾಣುತ್ತಿತ್ತು. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರುಗಳು, ಅಂದರೆ ರೈಫ್ಲಿಂಗ್, ಮುಂದಕ್ಕೆ ತುಂಬಾ ದೂರ ಸವೆದಿತ್ತು. "ಮೊಮ್ಮಗಳಿಗೆ ಹನ್ನೆರಡು ತುಂಬುತ್ತೆ. ಈ ಸಲ ಅವಳಿಗೆ ಮೊದಲ ಜಿಂಕೆ ಟ್ಯಾಗ್, ಬೇಟೆಯ ಪರವಾನಗಿ ಚೀಟಿ. ಇದರಲ್ಲೇ ಹೊಡೆಯಬೇಕು ಅಂತ ಆಸೆ. ಬ್ಯಾರೆಲ್ ಹಳೇದು ಹೇಗಿತ್ತೋ ಹಾಗೇ ಇರಲಿ" ಅಂದರು.

ಹಳೇದರ ಹಾಗೇ. ಪೀಣ್ಯದ ಕಿವಿಗೆ ಇಂಪಾದ ಮಾತು.

ಒಂದು ಗಂಟೆ ಕೂತು ಅವರ ಜೊತೆ ಎಲ್ಲಾ ಮಾತಾಡಿದೆ. ಬ್ಯಾರೆಲ್‌ನ ಹೊರ ಆಕಾರ (ಕಾಂಟೂರ್) ತೆಳುವಾಗಿರಲಿ, ದಪ್ಪದ್ದು ಹಾಕಿದರೆ ಒಂದು ಕಿಲೋ ಜಾಸ್ತಿ, ಹುಡುಗಿ ಬೆಟ್ಟ ಹತ್ತಬೇಕಲ್ವಾ. ಉದ್ದ 22 ಇಂಚು ಸಾಕು. 416ಆರ್ ಸ್ಟೇನ್‌ಲೆಸ್ ಬೇಡ, ಕ್ರೋಮ್ ಮಾಲಿ ಇರಲಿ, ಬ್ಲೂಯಿಂಗ್ ಮಾಡಿದರೆ ಹಳೇ ರಿಸೀವರ್‌ಗೆ ಹೊಂದುತ್ತದೆ. ಮರದ ಹಿಡಿಯಲ್ಲಿ (ಸ್ಟಾಕ್) ಬ್ಯಾರೆಲ್ ಕೂರುವ ಚಾನೆಲ್ ಕೆರೆಯುವಂತಿಲ್ಲ, ಅದು ಅವರ ಅಪ್ಪನ ಕಾಲದ ವಾಲ್‌ನಟ್ ಮರ. ಕೊನೆಗೆ ಟ್ವಿಸ್ಟ್, ಅಂದರೆ ರೈಫ್ಲಿಂಗ್ ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಅನ್ನುವ ಲೆಕ್ಕ; ಇಂಚು ಕಡಿಮೆಯಾದಷ್ಟೂ ಗುಂಡು ಜೋರಾಗಿ ತಿರುಗುತ್ತದೆ. ಕ್ಲೀನಿಂಗ್ ರಾಡ್‌ಗೆ ಬಿಗಿಯಾದ ಬಟ್ಟೆ ಕಟ್ಟಿ, ಟೇಪ್ ಗುರುತು ಹಾಕಿ ಒಳಗೆ ತಳ್ಳಿದೆ. ರಾಡ್ ಪೂರ್ತಿ ಒಂದು ಸುತ್ತು ಬರಲು 10 ಇಂಚು. ಎರಡು ಸಲ ಅಳೆದೆ. ಫಾರಂನಲ್ಲಿ 1:10 ಅಂತ ಬರೆದೆ. ಎರಡು ಸಲ ಅಳೆದ ಹೆಮ್ಮೆಯಲ್ಲಿ ಒಂದು ಪ್ರಶ್ನೆ ಕೇಳಲು ಮರೆತೆ: ಯಾವ ಗುಂಡು ಹಾಕುತ್ತೀರಿ?

ಬ್ಲಾಂಕ್, ಅಂದರೆ ರೈಫ್ಲಿಂಗ್ ಕೊರೆದ ಕಚ್ಚಾ ಬ್ಯಾರೆಲ್, ಬರಲು ಆರು ತಿಂಗಳು ಹಿಡಿಯಿತು. ಕಸ್ಟಮ್ ಬ್ಯಾರೆಲ್ ಅಂದರೆ ಹಾಗೇ, ಕಾಯಬೇಕು. ಬಂದ ಮೇಲೆ ಕೆಲಸ ಚೆನ್ನಾಗಿಯೇ ನಡೆಯಿತು. ಬೋರ್‌ನ ಎರಡೂ ಕಡೆ ಡಯಲ್ ಇಟ್ಟು ಸರಿಮಾಡಿದೆ. ಒಂದು ಇಂಚಿಗೆ 16 ಥ್ರೆಡ್, ರಿಕಾಯ್ಲ್ ಲಗ್, ಬೋಲ್ಟ್ ಮೂಗಿನ ಕುಳಿ, ಎಲ್ಲಾ ಆಯಿತು. ಕಾರ್ಟ್ರಿಜ್ ಕೂರುವ ಕುಳಿ ಕೊರೆಯುವ ರೀಮರ್ ಒಳಗೆ ಹೋಗುವಾಗ ಕೊನೆಯ ಹತ್ತು ಥೌ (ಇಂಚಿನ ಸಾವಿರದ ಹತ್ತು ಪಾಲು) ಇರುತ್ತದಲ್ಲ, ಅಲ್ಲಿ ನಾನು ಉಸಿರು ಬಿಗಿ ಹಿಡಿಯುತ್ತೇನೆ. ಒಂದು ಚೂರು ಜಾಸ್ತಿ ಹೋದರೆ ಭುಜ ಹಿಂದೆ ತಂದು ಮತ್ತೆ ಶುರು ಮಾಡಬೇಕು. ಕುಳಿಯ ಆಳ ಪರೀಕ್ಷಿಸುವ ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಿತು. ನೋ-ಗೋ ಮೇಲೆ ಮುಚ್ಚಲಿಲ್ಲ, ಅಂದರೆ ಅಳತೆ ಸರಿ. ಸಂಜೆ ನೆಮ್ಮದಿಯಾಗಿ ಮನೆಗೆ ಹೋದೆ.

ಸೆಪ್ಟೆಂಬರ್ ಮೊದಲ ಶನಿವಾರ ಅಜ್ಜ, ಮೊಮ್ಮಗಳು, ನಾನು ರೇಂಜ್‌ಗೆ ಹೋದೆವು. ಅವರ ವಲಯದಲ್ಲಿ ಸೀಸನ್ ಶುರುವಾಗುವುದು ಆ ತಿಂಗಳ ನಾಲ್ಕನೇ ಶನಿವಾರ. ಮೂರು ವಾರ ಇತ್ತು. ಅಜ್ಜ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ಗೆಳೆಯರು ಮನೆಯಲ್ಲಿ ಲೋಡ್ ಮಾಡಿಕೊಟ್ಟ ಕಾರ್ಟ್ರಿಜ್. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ "243, 100 ಗ್ರೇನ್, ತಾಮ್ರ" ಅಂತ ಇತ್ತು. ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ. ನಾನು ಓದಿದೆ. ಓದಿಯೂ ತಲೆಗೆ ಹೋಗಲಿಲ್ಲ.

ಐದು ಗುಂಡು ಹೊಡೆದೆ. ಏಳು ಇಂಚು ಅಗಲಕ್ಕೆ ಚದುರಿದವು, ತೂತುಗಳೆಲ್ಲ ಉದ್ದುದ್ದ.

ಆ ಮುಂದಿನ ಅರ್ಧ ಗಂಟೆ ನನಗೆ ಇನ್ನೂ ಚುಚ್ಚುತ್ತದೆ. ಸ್ಕೋಪ್ ಸ್ಕ್ರೂ ನೋಡಿದೆ, ಬಿಗಿಯಾಗಿತ್ತು. ಆಕ್ಷನ್ ಸ್ಕ್ರೂಗಳಿಗೆ ಟಾರ್ಕ್ ವ್ರೆಂಚ್ ಹಾಕಿದೆ, ಸರಿಯಾಗಿತ್ತು. ಹತ್ತಿ ಕಡ್ಡಿಯನ್ನು ಬ್ಯಾರೆಲ್ ಬಾಯಿಯ ಅಂಚಿಗೆ (ಕ್ರೌನ್) ಒತ್ತಿ ಹೊರಕ್ಕೆ ಎಳೆದೆ. ಎಲ್ಲೋ ಒಂದು ಎಳೆ ಸಿಕ್ಕಿದ ಹಾಗೆ ಅನ್ನಿಸಿತು. ನಿಜವಾಗಿ ಸಿಕ್ಕಿತ್ತೋ ಇಲ್ಲವೋ, ನನಗೆ ಒಂದು ಕಾರಣ ಬೇಕಿತ್ತು. ಹುಡುಗಿ ಕಿವಿಯ ಮಫ್ ತೆಗೆದು ನನ್ನ ಮುಖವನ್ನೇ ನೋಡುತ್ತಿದ್ದಳು. "ಕ್ರೌನ್‌ನಲ್ಲಿ ಸಣ್ಣ ಬರ್, ಲೋಹದ ಸಿಬಿರು, ಇದೆ. ಸಂಜೆಯೊಳಗೆ ಸರಿ ಮಾಡುತ್ತೇನೆ" ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದೆ.

ಅಂಗಡಿಗೆ ಓಡಿ, ಬ್ಯಾರೆಲ್ ಬಿಚ್ಚಿ, ಲೇತ್‌ಗೆ ಹಾಕಿ ಕ್ರೌನ್ ಮತ್ತೆ ಕಡಿದೆ. ನಾಲ್ಕು ಗಂಟೆಗೆ ವಾಪಸ್ ರೇಂಜ್. ಅದೇ ಅವರೆಕಾಳು.

ಆಗ ಅಜ್ಜ ಮೆಲ್ಲಗೆ ಕೇಳಿದರು: "ಈ ತಾಮ್ರದ ಗುಂಡು ಸ್ವಲ್ಪ ಉದ್ದ ಕಾಣುತ್ತೆ, ಅಲ್ವಾ?"

ಒಂದು ಕಾರ್ಟ್ರಿಜ್‌ನಿಂದ ಗುಂಡನ್ನು ಪುಲ್ಲರ್‌ನಲ್ಲಿ ಎಳೆದು ಕ್ಯಾಲಿಪರ್ ಹಾಕಿದೆ. 1.2 ಇಂಚು. ಕಿಟ್‌ನಲ್ಲಿ ಹಳೇ 100 ಗ್ರೇನ್ ಸೀಸದ ಸಾಫ್ಟ್ ಪಾಯಿಂಟ್ ಒಂದಿತ್ತು. ಅದು 1 ಇಂಚು. ತೂಕ ಒಂದೇ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಅಷ್ಟೇ ತೂಕ ಬರಬೇಕಾದರೆ ತಾಮ್ರದ ಗುಂಡು ಉದ್ದ ಆಗಲೇಬೇಕು. ಉದ್ದವಾದ ಗುಂಡು ನೇರ ಹಾರಬೇಕಾದರೆ ಇನ್ನೂ ಜೋರಾಗಿ ತಿರುಗಬೇಕು. ಗುಂಡು ಎಷ್ಟು ಸ್ಥಿರವಾಗಿ ಹಾರುತ್ತದೆ ಅಂತ ಲೆಕ್ಕ ಹಾಕುವ ಮಿಲ್ಲರ್ ಸೂತ್ರವನ್ನು ಫೋನ್‌ನಲ್ಲೇ ಹಾಕಿದೆ. 10 ಟ್ವಿಸ್ಟ್‌ನಲ್ಲಿ ಸೀಸದ ಗುಂಡಿಗೆ ಸ್ಥಿರತೆ 1.6ಕ್ಕಿಂತ ಮೇಲೆ. ತಾಮ್ರದ್ದಕ್ಕೆ 1ರ ಆಸುಪಾಸು, ಅಂದರೆ ಬೀಳುವ ಅಂಚಿನಲ್ಲಿ. 8 ಟ್ವಿಸ್ಟ್ ಆಗಿದ್ದರೆ 1.5. ಅಜ್ಜ ಗೆಳೆಯರಿಗೆ ಫೋನ್ ಮಾಡಿದರು. ಗುಂಡಿನ ಪೆಟ್ಟಿಗೆಯ ಮೇಲೆ "1:8 ಬೇಕು" ಅಂತ ದಪ್ಪ ಅಕ್ಷರದಲ್ಲೇ ಇದೆ ಅಂದರು ಅವರು. ನಮಗೆ ಬಂದದ್ದು ಪ್ಲಾಸ್ಟಿಕ್ ಡಬ್ಬಿ.

ಈ ರಾಜ್ಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಅದಕ್ಕೆ ದೊಡ್ಡ ಕಾರಣ ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ರಣಹದ್ದು. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸ ತಿಂದು, ಅದರೊಳಗಿನ ಸೀಸದ ಚೂರಿನಿಂದ ಅವು ಸಾಯುತ್ತವೆ. 1982ರಲ್ಲಿ ಇಡೀ ಲೋಕದಲ್ಲಿ ಉಳಿದಿದ್ದು 22 ಮಾತ್ರ. ಆ ಕಾನೂನು ಸರಿ ಅಂತಲೇ ನನ್ನ ನಂಬಿಕೆ. ಅಜ್ಜ ಇಷ್ಟು ವರ್ಷ ನೆವಾಡಾಕ್ಕೆ ಹೋಗಿ ಸೀಸದಲ್ಲೇ ಹೊಡೆಯುತ್ತಿದ್ದರು. ಮೊಮ್ಮಗಳ ಟ್ಯಾಗ್ ಇಲ್ಲಿಯದು. ನಾನು ದಿನಾ ಈ ರಾಜ್ಯದ ಬೇಟೆಗಾರರ ಮಧ್ಯೆಯೇ ಕೆಲಸ ಮಾಡುವವನು. ಇಲ್ಲಿ ಜಿಂಕೆಗೆ ಅಂತ ಬ್ಯಾರೆಲ್ ಹಾಕಿಸುವವರ ಗುಂಡು ಸೀಸದ್ದಲ್ಲ ಅಂತ ಜನವರಿಯಲ್ಲೇ ಹೊಳೆಯಬೇಕಿತ್ತು.

ಇಂಥ ತಪ್ಪು ದೊಡ್ಡ ಪ್ರಮಾಣದಲ್ಲೂ ಆಗಿದೆ. 1955ರಲ್ಲಿ .243 ವಿಂಚೆಸ್ಟರ್, .244 ರೆಮಿಂಗ್ಟನ್ ಎರಡೂ ಒಟ್ಟಿಗೆ ಬಂದವು. ಮೊದಲನೆಯದಕ್ಕೆ 10 ಟ್ವಿಸ್ಟ್, ಎರಡನೆಯದಕ್ಕೆ 12. ಜಿಂಕೆಗೆ ಜನ 100 ಗ್ರೇನ್ ಬೇಕು ಅಂದರು. 12 ಟ್ವಿಸ್ಟ್ ಹಗುರ ಗುಂಡಿಗೆ ಅಂತ ಆರಿಸಿದ್ದು. .243 ಗೆದ್ದಿತು. ರೆಮಿಂಗ್ಟನ್ 1963ರಲ್ಲಿ 9 ಟ್ವಿಸ್ಟ್ ಹಾಕಿ, ಹೆಸರನ್ನೇ 6 ಎಂಎಂ ಅಂತ ಬದಲಿಸಿ ಅದೇ ಕಾರ್ಟ್ರಿಜ್ ಮತ್ತೆ ತಂದಿತು. ಅಷ್ಟು ಹೊತ್ತಿಗೆ ತಡವಾಗಿತ್ತು. ಇದು ನನಗೆ ಮೊದಲೇ ಗೊತ್ತಿದ್ದ ಕಥೆ. ಎಷ್ಟೋ ಜನಕ್ಕೆ ಹೇಳಿದ್ದೇನೆ ಕೂಡ.

ಸೋಮವಾರ ಮಾಲೀಕರಿಗೆ ಹೇಳಿದೆ. "ಹಳೇದರ ಹಾಗೇ ಕೇಳಿದರು, ಹಾಗೇ ಕೊಟ್ಟಿದ್ದೇವೆ" ಅಂದರು. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಆರ್ಡರ್ ಫಾರಂನಲ್ಲಿ ಬಣ್ಣ, ಫಿನಿಶ್ ಬರೆಯಲು ಮೂರು ಸಾಲು ಇದೆ. ಗುಂಡಿನ ಬಗ್ಗೆ ಒಂದು ಸಾಲೂ ಇಲ್ಲ. ಸೇರಿಸಿ ಅಂದರೆ, ಸಾಫ್ಟ್‌ವೇರ್‌ನವರಿಗೆ ಮತ್ತೆ ದುಡ್ಡು ಕೊಡಬೇಕು ಅನ್ನುತ್ತಾರೆ. ಹೊಸ ಬ್ಲಾಂಕ್ ತರಿಸಿದರೆ ಮತ್ತೆ ಆರು ತಿಂಗಳು. ಸೀಸನ್‌ಗೆ ಇಪ್ಪತ್ತು ದಿನವೂ ಇರಲಿಲ್ಲ.

ಉಳಿದ ದಾರಿ ಒಂದೇ, ಗುಂಡು ಗಿಡ್ಡ ಮಾಡುವುದು. 80 ಗ್ರೇನ್ ತಾಮ್ರದ ಫ್ಯಾಕ್ಟರಿ ಕಾರ್ಟ್ರಿಜ್ ಎರಡು ಪೆಟ್ಟಿಗೆ ನನ್ನ ದುಡ್ಡಿನಲ್ಲಿ ತಂದೆ. ಸೂತ್ರ 1.3 ತೋರಿಸಿತು. ಅಂಥ ಹೇಳಿಕೊಳ್ಳುವ ಅಂಕಿ ಅಲ್ಲ, ಆದರೆ ನಡೆಯುತ್ತದೆ. ಮುಂದಿನ ಭಾನುವಾರ ಹುಡುಗಿಯೇ ಹೊಡೆದಳು. ನಾನು ಕಾಗದದ ಹತ್ತಿರ ಹೋಗುವ ತನಕ ಏನೂ ಮಾತಾಡಲಿಲ್ಲ. ಐದೂ ತೂತು ದುಂಡಗೆ, ಒಂದೂವರೆ ಇಂಚಿನೊಳಗೆ. ಕಾಗದ ಬಿಚ್ಚುವಾಗ ನನ್ನ ಕೈ ನಡುಗುತ್ತಿತ್ತು.

ನವೆಂಬರ್‌ನಲ್ಲಿ ಅಜ್ಜ ಅಂಗಡಿಗೆ ಬಂದರು. ಮೊಮ್ಮಗಳಿಗೆ ಜಿಂಕೆ ಸಿಗಲಿಲ್ಲವಂತೆ. ಒಂದು ಕಂಡಿತಂತೆ, ದೂರ ಜಾಸ್ತಿ ಅಂತ ಅವಳೇ ಬೇಡ ಅಂದಳಂತೆ. ಅದನ್ನು ಹೇಳುವಾಗ ಅವರ ಮುಖ ಅರಳಿತ್ತು. ನಾನು ಮತ್ತೆ ಕ್ಷಮೆ ಕೇಳಿದೆ. "ತಾಮ್ರ ಅಂತ ನಾನೂ ಹೇಳಬೇಕಿತ್ತು" ಅಂದರು. ಇಲ್ಲ. ಕೇಳುವುದು ನನ್ನ ಕೆಲಸ. ಗುಂಡಿನ ಉದ್ದಕ್ಕೂ ಟ್ವಿಸ್ಟ್‌ಗೂ ಇರುವ ಸಂಬಂಧ ಗೊತ್ತಿದ್ದವನು ನಾನು, ಅವರಲ್ಲ. 8 ಟ್ವಿಸ್ಟ್ ಬ್ಲಾಂಕ್ ತರಿಸುತ್ತೇನೆ, ಕೂಲಿ ಬೇಡ ಅಂದೆ. ಯೋಚನೆ ಮಾಡುತ್ತೇನೆ ಅಂದಿದ್ದಾರೆ.

ಫಾರಂ ಇನ್ನೂ ಬದಲಾಗಿಲ್ಲ. ನಾನು ಪ್ರತಿ ಆರ್ಡರ್‌ನ ಮೂಲೆಯಲ್ಲೂ ಪೆನ್ನಿನಲ್ಲಿ "ಯಾವ ಗುಂಡು? ಉದ್ದ ಎಷ್ಟು?" ಅಂತ ಬರೆಯುತ್ತೇನೆ. ಉತ್ತರ ಬರದ ಎರಡು ಆರ್ಡರ್ ಈಗ ನನ್ನ ಮೇಜಿನ ಮೇಲಿವೆ. ಇನ್ನೂ ಯಾಕೆ ಕಳಿಸಿಲ್ಲ ಅಂತ ಮಾಲೀಕರು ನಿನ್ನೆ ಕೇಳಿದರು. ಇಬ್ಬರಿಗೂ ಫೋನ್ ಮಾಡಿದ್ದೇನೆ.