ಲೂಲಿಯೋದಲ್ಲಿ ರ, ಗ, ಸ, ದ, ಅ

ಸ್ವೀಡನ್ನಿನ ಉತ್ತರದ ಊರು ಲೂಲಿಯೋದಿಂದ ನನ್ನ ಆನ್‌ಲೈನ್ ಕನ್ನಡ ತರಗತಿಗೆ ಬರುವ ಹುಡುಗಿಯ ನೋಟುಪುಸ್ತಕ ಈ ವಾರವೂ ಪರದೆಯ ಮೇಲೆ ತಲೆಕೆಳಗಾಗಿಯೇ ಬಂತು. ಹಿಡಿದವಳು ಅವಳಲ್ಲ, ಅವಳ ಪಕ್ಕದಲ್ಲಿ ಕುಳಿತುಕೊಳ್ಳುವ, ಅವಳ ಶಾಲೆಯ ಸ್ವೀಡಿಷ್ ಅಮ್ಮ. ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಅವರಿಗೆ 'ಸರ' ಎಂದು ಬರೆದ ಪುಟದ ತಲೆ ಯಾವುದು, ಬುಡ ಯಾವುದು ಎಂದು ಹೇಗೆ ತಿಳಿಯಬೇಕು? ತಲೆಕಟ್ಟು ಮೇಲೆ ಬರಬೇಕು ಎಂದು ಹೇಳಹೊರಟೆ. ತಲೆಕಟ್ಟಿಗೆ ಸ್ವೀಡಿಷ್ ಪದ ಹೊಳೆಯದೆ 'ಟೋಪಿ ಮೇಲಿರಲಿ' ಎಂದುಬಿಟ್ಟೆ. ಅವರು ಪುಸ್ತಕ ತಿರುಗಿಸಿದರು, ಕನ್ನಡಕ ಸರಿಮಾಡಿಕೊಂಡು ನೋಡಿದರು. 'ಓ, ಇಬ್ಬರೂ ಟೋಪಿ ಹಾಕಿಕೊಂಡಿದ್ದಾರೆ. ನಮ್ಮೂರಿನ ಚಳಿಗೆ ಹಾಗೇ ಇರಬೇಕು' ಎಂದರು.

ಆಗ ಗಂಟೆ ಮಧ್ಯಾಹ್ನ ಎರಡೂವರೆ. ಅವರ ಕಿಟಕಿಯಾಚೆ ಆಗಲೇ ಕತ್ತಲೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮೂರು ತಾಸು ಮುಖ ತೋರಿಸಿದರೆ ದೊಡ್ಡದು. ನಾನಿರುವುದು ಸ್ಟಾಕ್‌ಹೋಮಿನ ಅಂಚಿನಲ್ಲಿ, ಅಲ್ಲಿಂದ ರಸ್ತೆಯಲ್ಲಿ ಸುಮಾರು 900 ಕಿ.ಮೀ. ದಕ್ಷಿಣಕ್ಕೆ. ಆ ಹೊತ್ತಿಗೆ ನಮ್ಮ ಆರು ಮಕ್ಕಳ ತರಗತಿಯಲ್ಲಿ ಇಬ್ಬರು ವೆಸ್ಟೆರೋಸಿನಲ್ಲಿ, ಮೂವರು ಸ್ಟಾಕ್‌ಹೋಮಿನ ಸುತ್ತಮುತ್ತಲಿನ ಬೇರೆ ಬೇರೆ ಶಾಲೆಗಳಲ್ಲಿ, ಒಬ್ಬಳು ಮಾತ್ರ ಆ ಉತ್ತರದ ತುದಿಯಲ್ಲಿ. ಚಿಕ್ಕವನಿಗೆ ಏಳು ವರ್ಷ, ದೊಡ್ಡವಳಿಗೆ ಹದಿಮೂರು.

ನಾನು ಇದಕ್ಕೂ ಮೊದಲು ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಮಾಡಿದವಳು. 2018ರಲ್ಲಿ ಯಜಮಾನರ ಕೆಲಸದ ಬೆನ್ನು ಹತ್ತಿ ಇಲ್ಲಿಗೆ ಬಂದೆ. ಎರಡು ವರ್ಷ ಸ್ವೀಡಿಷ್ ಕಲಿತೆ. ಆಮೇಲೆ, ಕನ್ನಡ ಕಲಿಸುವವರು ಬೇಕು ಎಂದು ಇಲ್ಲಿನ ಸರ್ಕಾರವೇ ಸಂಬಳ ಕೊಟ್ಟು ಕರೆಯುತ್ತದೆ ಎಂದು ತಿಳಿದಾಗ ಮೊದಲು ನಂಬಲಿಲ್ಲ.

ಊರಿನವರು ಇದನ್ನೇ ಹೆಚ್ಚು ಕೇಳುವುದರಿಂದ ಹೇಳಿಬಿಡುತ್ತೇನೆ. ಮನೆಯಲ್ಲಿ ಸ್ವೀಡಿಷ್ ಅಲ್ಲದ ಭಾಷೆಯಾಡುವ ಮಕ್ಕಳಿಗೆ ಆ ಭಾಷೆಯ ಪಾಠವನ್ನು ಶಾಲೆಯ ಮೂಲಕವೇ ಕೊಡುವ ಏರ್ಪಾಡು ಇಲ್ಲಿ 1977ರಿಂದ ಇದೆ. ಮೊದಲು ಅದಕ್ಕೆ 'ಮನೆಮಾತು' ಎಂಬ ಅರ್ಥದ ಹೆಸರಿತ್ತು, 1997ರಿಂದ 'ಮೂಡರ್ಸ್‌ಮೋಲ್', ಅಂದರೆ ತಾಯ್ನುಡಿ. ನಗರಸಭೆಯ ವ್ಯಾಪ್ತಿಯಲ್ಲಿ ಆ ಭಾಷೆ ಬೇಕೆನ್ನುವ ಐದು ಮಕ್ಕಳಾದರೂ ಇರಬೇಕು, ಕಲಿಸಲು ತಕ್ಕ ಶಿಕ್ಷಕರು ಸಿಗಬೇಕು. ಆರನೇ ತರಗತಿಯಿಂದ ಇತರ ವಿಷಯಗಳಂತೆ ಇದಕ್ಕೂ ಎ ಯಿಂದ ಎಫ್‌ವರೆಗೆ ಶ್ರೇಣಿ ಉಂಟು. ಅರಬ್ಬಿಗೆ ಇದೆಲ್ಲ ಸಲೀಸು. ಕನ್ನಡದ ಪಾಡು ಬೇರೆ: ಮಕ್ಕಳಿರುವಲ್ಲಿ ಟೀಚರ್ ಇಲ್ಲ, ಟೀಚರ್ ಇರುವಲ್ಲಿ ಮಕ್ಕಳು ಮೂರೇ. 2015ರಲ್ಲಿ ತಾಯ್ನುಡಿಯನ್ನು ದೂರದಿಂದ, ಪರದೆಯ ಮೂಲಕ ನೇರಪ್ರಸಾರದಲ್ಲಿ ಕಲಿಸಲು ಕಾನೂನು ಒಪ್ಪಿಗೆ ಕೊಟ್ಟಿತು. ಹಾಗಾಗಿ ನನ್ನಂಥವಳಿಗೆ ಕೆಲಸ.

ಏಳರಿಂದ ಹದಿಮೂರರವರೆಗಿನ ಮಕ್ಕಳನ್ನು ಒಂದೇ ತಾಸಿನಲ್ಲಿ ಹೇಗೆ ಸಂಭಾಳಿಸುತ್ತೀರಿ ಎಂದು ಇಲ್ಲಿನ ಸಹೋದ್ಯೋಗಿಗಳು ಕನಿಕರದಿಂದ ಕೇಳುತ್ತಾರೆ. ನನಗೆ ಒಳಗೊಳಗೇ ನಗು. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಹುಟ್ಟಿದ್ದೇ ಎಚ್.ಡಿ. ಕೋಟೆಯಲ್ಲಿ. ಅಲ್ಲಿ ಮಗು ಕಲಿಕಾ ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ನೋಡಿ, ತನ್ನ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಟೀಚರ್ ಪೂರ್ತಿ ಪಕ್ಕದಲ್ಲಿರಬೇಕಾದವರದು ಒಂದು ತಟ್ಟೆ, ಗೆಳೆಯರ ನೆರವು ಸಾಕೆನ್ನುವವರದು ಇನ್ನೊಂದು, ತಾನೇ ಕಲಿಯುವವರದು ಮತ್ತೊಂದು, ಹೀಗೆ ಐದು. ವಿಡಿಯೊ ತರಗತಿಯಲ್ಲಿ ಮಕ್ಕಳನ್ನು ಸಣ್ಣ ಕೋಣೆಗಳಿಗೆ ಹಂಚುವ ಗುಂಡಿಯನ್ನು ಮೊದಲ ಸಲ ಕಂಡಾಗ ನನಗೆ ಅನಿಸಿದ್ದು, ಇದು ನಮ್ಮ ತಟ್ಟೆಯೇ ಅಲ್ಲವೇ! ಈಗ ನಮ್ಮ ತರಗತಿಯಲ್ಲಿ ಅದರ ಹೆಸರೂ ತಟ್ಟೆಯೇ. 'ಮಿಸ್, ನಾನು ಯಾವ ತಟ್ಟೆ?' ಎಂದು ವೆಸ್ಟೆರೋಸಿನ ಹುಡುಗ ಕೇಳಿದಾಗ ಅವನನ್ನು ಕರೆದೊಯ್ಯಲು ಶಾಲೆಗೆ ಬಂದಿದ್ದ ಅಪ್ಪ ಊಟದ ಹೊತ್ತಾಯಿತೇ ಎಂದುಕೊಂಡು ಗಡಿಯಾರ ನೋಡಿದರಂತೆ.

ಅಕ್ಷರಗಳನ್ನೂ ನಲಿ-ಕಲಿಯ ಕ್ರಮದಲ್ಲೇ ಹಿಡಿದೆ. ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಈ ಐದು ಬಂದರೆ ಮಗು ಮೊದಲ ವಾರವೇ ಸರ, ಅಗಸ, ಅರಸ, ಗರಗಸ ಎಂದು ಓದಿಬಿಡುತ್ತದೆ. ಇಲ್ಲಿಯ ಮಕ್ಕಳು ಅಗಸನನ್ನೂ ಕಂಡಿಲ್ಲ, ಗರಗಸವನ್ನು ಮಾತ್ರ ಬಲ್ಲರು. ಶಾಲೆಯಲ್ಲಿ ಮರಗೆಲಸದ ಪಾಠವಿದೆ.

ಮೊದಲ ವರ್ಷ ನಾನು ಹೊಸ ಸಾಮಾನು ಕಂಡ ಕಡೆಯೆಲ್ಲ ಕೈಹಾಕಿದೆ. ನೆರೆಯ ನಾರ್ವೆಯಲ್ಲಿ ಹುಟ್ಟಿದ ಕಹೂಟ್ ರಸಪ್ರಶ್ನೆ ಎಂದರೆ ಇಲ್ಲಿಯ ಮಕ್ಕಳಿಗೆ ಪಂಚಪ್ರಾಣ. ಸರಿ, ಕನ್ನಡದಲ್ಲೂ ಒಂದು ಕಟ್ಟಿದೆ. ಪ್ರಶ್ನೆಗೆ ಇಪ್ಪತ್ತು ಸೆಕೆಂಡು ಇಟ್ಟೆ. ದೊಡ್ಡವಳು ಟಪಟಪನೆ ಗೆದ್ದಳು. ಏಳರ ಹುಡುಗ ಇನ್ನೂ ಪ್ರಶ್ನೆಯ ಎರಡನೇ ಪದದಲ್ಲಿದ್ದ. ಮೂರನೇ ಪ್ರಶ್ನೆಗೆ ಅವನು ಓದುವುದನ್ನೇ ಬಿಟ್ಟು ಕೆಂಪು, ನೀಲಿ ಎಂದು ಬಣ್ಣ ಒತ್ತತೊಡಗಿದ, ಮೂರು ಸಲ ಸರಿಯುತ್ತರವೂ ಬಂತು! ಅಕ್ಷರ ಕೂಡಿಸಿ ಓದುವ ಮಗುವಿನ ಮುಂದೆ ಗಡಿಯಾರ ಇಟ್ಟದ್ದು ನನ್ನ ತಪ್ಪು. ಈಗ ಪ್ರಶ್ನೆಯನ್ನು ಮೊದಲು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಗಡಿಯಾರ ಓಡುತ್ತದೆ.

ಇನ್ನೊಂದು ಆಟದ ಕಥೆ ಇದಕ್ಕಿಂತ ಚೆನ್ನಾಗಿದೆ. ಪದ ಕೊಟ್ಟರೆ ಅದರ ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿ ತೋರಿಸುತ್ತದೆ, ಮಕ್ಕಳು ಎಳೆದು ಜೋಡಿಸಬೇಕು. ಇಂಗ್ಲಿಷಿಗೂ ಸ್ವೀಡಿಷಿಗೂ ಸೊಗಸಾಗಿ ನಡೆಯುತ್ತದೆ. ನಾನು 'ಅಜ್ಜಿ' ಎಂದು ಕೊಟ್ಟೆ. ಎರಡೇ ಅಕ್ಷರದ ಅಜ್ಜಿ ಐದು ಚೂರಾಗಿ ಬಿದ್ದರು. ಒಂದು ಅ, ಎರಡು ಜ, ಜೊತೆಗೆ ಎರಡು ಚುಕ್ಕಿಚುಕ್ಕಿಯ ವೃತ್ತಗಳು, ಒಂದರ ನೆತ್ತಿಯ ಮೇಲೆ ಗುಡಿಸು, ಇನ್ನೊಂದರ ಮೇಲೆ ಅರ್ಧಾಕ್ಷರದ ಬಾಲ. ಗುಡಿಸೋ ಬಾಲವೋ ತಾನಾಗಿ ನಿಲ್ಲಲಾರದು, ಅದಕ್ಕೊಂದು ಅಕ್ಷರ ಬೇಕು, ಅಕ್ಷರವಿಲ್ಲದಿದ್ದರೆ ಕಂಪ್ಯೂಟರ್ ಈ ಖಾಲಿ ವೃತ್ತವನ್ನು ಕೊಡುತ್ತದೆ. ಆಟ ಮಾಡಿದವರಿಗೆ ಒತ್ತಕ್ಷರ ಎಂಬುದೊಂದಿದೆ ಎಂದು ಗೊತ್ತೇ ಇರಲಿಲ್ಲ. ನಾನು ಸಿಡಿಮಿಡಿಗೊಂಡು ಪರದೆ ಮುಚ್ಚಬೇಕೆನ್ನುವಷ್ಟರಲ್ಲಿ ಲೂಲಿಯೋ ಹುಡುಗಿ ಕೇಳಿದಳು: 'ಮಿಸ್, ಈ ಚುಕ್ಕಿ ಬಳೆ ಯಾವ ಅಕ್ಷರ?'

ಚುಕ್ಕಿ ಬಳೆ! ಮುಚ್ಚಲಿಲ್ಲ. ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಒಂದು ಜ ಟೈಪ್ ಮಾಡಿದೆ. ಆಮೇಲೆ ಬಾಲ ಒತ್ತಿದೆ. ಜ ಹೋಗಿ ಜ್ ಆಯಿತು. ಮತ್ತೊಂದು ಜ ಒತ್ತಿದೆ. ಅದು ಮೇಲೆ ನಿಲ್ಲದೆ ಸರ್ರನೆ ಕೆಳಗಿಳಿದು ಒತ್ತಾಗಿ ಕೂತಿತು. ಆರೂ ಕಡೆಯಿಂದ 'ಓಹ್' ಎಂಬ ಸದ್ದು. ಮೂರು ತಿಂಗಳಿಂದ ಬಾಯಲ್ಲಿ ಹೇಳಿ ಹೇಳಿ ಸೋತಿದ್ದ ಒತ್ತಕ್ಷರ ಅವತ್ತು ಹತ್ತು ನಿಮಿಷದಲ್ಲಿ ತಲೆಗೆ ಹತ್ತಿತು. ಅಕ್ಕ, ಅಪ್ಪ, ಅಮ್ಮ ಎಲ್ಲರೂ ಒಬ್ಬೊಬ್ಬರಾಗಿ ಬಂದರು. 'ಸೂರ್ಯ' ಬಂದಾಗ ಮಾತ್ರ ತಕರಾರು ಎದ್ದಿತು. 'ನಾನು ರ ಮೊದಲು ಒತ್ತಿದೆ, ಅದೇಕೆ ಹಿಂದೆ ಹೋಗಿ ನಿಂತಿತು?' ಎಂದು ಹದಿಮೂರರವಳು ಕೇಳಿದಳು. ಅರ್ಕಾವತ್ತಿನ ಬಗ್ಗೆ ಇಷ್ಟು ನೇರವಾಗಿ ಊರಿನ ಯಾವ ಮಗುವೂ ನನ್ನನ್ನು ಕೇಳಿರಲಿಲ್ಲ. ಕೈಯಲ್ಲಿ ಬರೆಯುವಾಗ ಬಂದ ಹಾಗೆ ಬರೆದುಬಿಡುತ್ತೇವೆ. ಟೈಪ್ ಮಾಡುವಾಗ ಮೊದಲು ಉಲಿಯುವುದನ್ನೇ ಮೊದಲು ಒತ್ತಬೇಕು.

ಯಂತ್ರಾನುವಾದದ ವಿಷಯಕ್ಕೆ ನನ್ನ ತಾಳ್ಮೆ ಇಷ್ಟಿಲ್ಲ. ಮನೆಗೆಲಸಕ್ಕೆ ನಾಲ್ಕು ಸಾಲು ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಕಳಿಸಿದ: 'ನಾನು ನನ್ನ ಅಜ್ಜಿಯನ್ನು ಕಳೆದುಕೊಂಡಿದ್ದೇನೆ.' ಎದೆ ಧಸಕ್ಕೆಂದಿತು. ಅವನ ತಾಯಿಗೆ ಫೋನ್ ಮಾಡಿ, ಏನು ಹೇಳಲಿ ಎಂದು ತೋಚದೆ, 'ಅಮ್ಮ ಹೇಗಿದ್ದಾರೆ?' ಎಂದೆ. 'ಚೆನ್ನಾಗಿದ್ದಾರೆ ಮೇಡಂ, ಈಗಷ್ಟೇ ಮಾತಾಡಿದೆ, ಹುಣಸೂರಿನಲ್ಲಿ ಸಂತೆಗೆ ಹೋಗಿದ್ದರಂತೆ' ಎಂದರು. ಹುಡುಗ ಸ್ವೀಡಿಷಿನಲ್ಲಿ ಬರೆದದ್ದು ಅಜ್ಜಿಯ ನೆನಪಾಗುತ್ತದೆ ಎಂದು. ಯಂತ್ರ ಅವರನ್ನು ಕಳೆದೇಬಿಟ್ಟಿತ್ತು. ಮುಂದಿನ ವಾರದಿಂದ ಬರೆಯುವ ಮನೆಗೆಲಸ ನಿಲ್ಲಿಸಿ, ಅಜ್ಜಿಗೆ ಫೋನ್ ಮಾಡಿ ಓದಿ ಹೇಳುವ ಮನೆಗೆಲಸ ಕೊಟ್ಟೆ. ತರಗತಿಗೇ ಅಜ್ಜಿಯನ್ನು ಕರೆಯೋಣವೆಂದರೆ ಆಗದು. ಮಕ್ಕಳ ಮುಖ, ದನಿ, ಹೆಸರು ಯಾವುದೂ ಶಾಲೆಯ ಹೊರಗಿನವರಿಗೆ ಸುಮ್ಮನೆ ಕಾಣುವಂತಿಲ್ಲ. ಯುರೋಪಿನ ಮಾಹಿತಿ ರಕ್ಷಣೆಯ ಕಾನೂನು 2018ರಿಂದ ಬಿಗಿಯಾಗಿದೆ. ಮನೆಯ ಫೋನಿನಲ್ಲಿ ಮೊಮ್ಮಗ ಅಜ್ಜಿಗೆ ಓದುವುದಕ್ಕೆ ಯಾವ ಕಾನೂನೂ ಅಡ್ಡವಿಲ್ಲ. ಇಲ್ಲಿ ಮೂರು ಗಂಟೆಯಾದರೆ ಚಳಿಗಾಲದಲ್ಲಿ ಅಲ್ಲಿ ಏಳೂವರೆ, ಅಜ್ಜಿಯರು ಸಿಗುವ ಹೊತ್ತು. ಅವರು ತಪ್ಪು ತಿದ್ದುವಷ್ಟು ಕಟ್ಟುನಿಟ್ಟಾಗಿ ನಾನು ತಿದ್ದಲಾರೆ. 'ಅಜ್ಜಿ, ನೀನು' ಎನ್ನುವುದು ಸರಿ, 'ಮಿಸ್, ನೀನು' ಎನ್ನುವುದು ಸರಿಯಲ್ಲ ಎಂಬುದನ್ನೂ ಅವರೇ ಕಲಿಸಿಕೊಟ್ಟರು. ಸ್ವೀಡಿಷಿನಲ್ಲಿ ಮಂತ್ರಿಗೂ ನೀನು, ಮೇಷ್ಟ್ರಿಗೂ ನೀನು. ಹಾಗಾಗಿ ಈ ಮಕ್ಕಳಿಗೆ 'ನೀವು' ಎಂದರೆ ಎದುರಿಗಿರುವವರು ಇಬ್ಬರಿರಬೇಕು ಎಂಬ ಲೆಕ್ಕ.

ಈಗ ಆ ಟೋಪಿಯ ಅಮ್ಮನಿಗೆ ಬರುತ್ತೇನೆ. ದೂರದಿಂದ ಪಾಠ ಮಾಡುವಾಗ ಮಗು ಇರುವ ಕೋಣೆಯಲ್ಲಿ ಶಾಲೆಯ ಒಬ್ಬ ದೊಡ್ಡವರು ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಅವರನ್ನು 'ಹಾಂಡ್‌ಲೇಡರೆ' ಎನ್ನುತ್ತಾರೆ. ಕೈಹಿಡಿದು ನಡೆಸುವವರು ಎಂಬ ಅರ್ಥ ಆ ಪದದೊಳಗೇ ಇದೆ. ಅವರಿಗೆ ಭಾಷೆ ಬರಬೇಕೆಂದಿಲ್ಲ. ಮೊದಲು ಇದು ವ್ಯರ್ಥ ಖರ್ಚು ಎಂದೇ ಅನಿಸಿತ್ತು. ಕನ್ನಡ ಬಾರದವರು ಕನ್ನಡ ಪಾಠದಲ್ಲಿ ಏನು ಮಾಡುತ್ತಾರೆ?

ಮಾಡುವುದು ಇಷ್ಟು. ಹುಡುಗಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದರೆ ನನಗೆ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ. ದ ಬರೆಯಲು ಅವಳು ಕೆಳಗಿನಿಂದ ಮೇಲಕ್ಕೆ ಹೊರಟಳೋ ಮೇಲಿನಿಂದ ಕೆಳಕ್ಕೋ ಎಂದು ಕೇಳಿದರೆ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಾರೆ. ಹುಡುಗಿ ಕಿಟಕಿ ನೋಡುತ್ತಾ ಮೌನವಾದಾಗ ನಾನಿಲ್ಲಿ 'ಕೇಳಿಸುತ್ತಿದೆಯೇ? ಕೇಳಿಸುತ್ತಿದೆಯೇ?' ಎಂದು ಅರಚುವುದು ಬೇಕಿಲ್ಲ. 'ಊಟ ಸರಿಯಾಗಿ ಮಾಡಿಲ್ಲ, ಐದು ನಿಮಿಷ ಕೊಡು' ಎನ್ನುತ್ತಾರೆ. ಕಳೆದ ತಿಂಗಳು ಅವರು ರಜೆಯಲ್ಲಿದ್ದರು, ಬೇರೆ ಯಾರೋ ಬಂದು ಮೂಲೆಯಲ್ಲಿ ಕುಳಿತು ತಮ್ಮ ಪಾಡಿಗೆ ಮೊಬೈಲ್ ನೋಡಿದರು. ಅದೇ ಕ್ಯಾಮೆರಾ, ಅದೇ ಹಲಗೆ, ಅದೇ ಆಟ. ಪಾಠ ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ.

ಕೋಟೆಯಲ್ಲಿ ನನ್ನ ಜೊತೆಗಿದ್ದ ಟೀಚರ್ ಒಬ್ಬಳಿಗೆ ಇದನ್ನು ಹೇಳಿದೆ. ಅವಳು ನಕ್ಕಳು. 'ಅಕ್ಕ, ಒಂದು ಮಗುವಿಗೆ ಒಬ್ಬ ಆಯಾ, ಮೇಲೆ ನೀವು! ನಮ್ಮಲ್ಲಿ 2020 ನೆನಪಿದೆಯಾ?' ಎಂದಳು. ನೆನಪಿಲ್ಲದೆ ಏನು. ಆ ವರ್ಷ ಸ್ವೀಡನ್ನಿನಲ್ಲಿ ಚಿಕ್ಕ ಮಕ್ಕಳ ಶಾಲೆ ಮುಚ್ಚಲೇ ಇಲ್ಲ, ಪ್ರೌಢಶಾಲೆ ಮುಗಿಸಿದವರನ್ನಷ್ಟೇ ಮಾರ್ಚ್‌ನಲ್ಲಿ ಮನೆಗೆ ಕಳಿಸಿದರು. ನಮ್ಮಲ್ಲಿ ದೊಡ್ಡ ತರಗತಿಯವರಿಗೆ ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಸ್ಮಾರ್ಟ್‌ಫೋನ್ ಇರುವ ಮನೆ, ಬರೀ ಮಾತಾಡುವ ಫೋನ್ ಇರುವ ಮನೆ, ಯಾವುದೂ ಇಲ್ಲದ ಮನೆ ಎಂದು ಮಕ್ಕಳನ್ನು ಪಟ್ಟಿ ಮಾಡಿ, ಟೀಚರ್‌ಗಳು ದೇವಸ್ಥಾನದ ಜಗಲಿಗೂ ಅರಳಿಕಟ್ಟೆಗೂ ಹೋಗಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದೂ ನಿಂತಿತು. 'ಫೋನಿನಲ್ಲಿ ಕಳಿಸಿದ ವಿಡಿಯೊ ನೋಡಿದವರು ಎಷ್ಟೋ ಗೊತ್ತಿಲ್ಲ. ಜಗಲಿಯಲ್ಲಿ ಕೂತವರು ಮಾತ್ರ ಏಣಿಯಲ್ಲಿ ಕೆಳಗೆ ಜಾರಲಿಲ್ಲ' ಎಂದಳು ಅವಳು. ಅವಳ ಶಾಲೆಗೆ ಈಗ ದೊಡ್ಡ ಪರದೆ ಬಂದಿದೆಯಂತೆ. ಅದನ್ನು ಹಚ್ಚುವುದಕ್ಕಿಂತ ಒರೆಸುವುದೇ ಹೆಚ್ಚು ಎಂದು ಮತ್ತೆ ನಕ್ಕಳು.

ಸ್ವೀಡನ್ನಿಗೂ ಈಗ ಪರದೆಯ ಮೇಲೆ ಮೊದಲಿನ ಮೋಹವಿಲ್ಲ. ನಾಲ್ಕನೇ ತರಗತಿಯ ಮಕ್ಕಳ ಓದಿನ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 2016ರಲ್ಲಿ 555 ಇದ್ದದ್ದು 2021ರಲ್ಲಿ 544ಕ್ಕೆ ಇಳಿಯಿತು. 2023ರಲ್ಲಿ ಸರ್ಕಾರ ಶಾಲೆಗಳಿಗೆ ಮುದ್ರಿತ ಪುಸ್ತಕ ಕೊಳ್ಳಲೆಂದೇ 685 ಮಿಲಿಯನ್ ಕ್ರೋನರ್ ತೆಗೆದಿರಿಸಿತು. ಸಂತೋಷವೇ. ನನಗೆ ಮಾತ್ರ ಯಾವ ಪುಸ್ತಕದಂಗಡಿಯೂ ಕನ್ನಡದ ಒಂದನೇ ತರಗತಿ ಪುಸ್ತಕ ತಂದುಕೊಡುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಹಾಕಿರುವುದರಿಂದ ಬದುಕಿದೆ. ಇಳಿಸಿಕೊಂಡು ಕಚೇರಿಯ ಮುದ್ರಣಯಂತ್ರದಲ್ಲಿ ಅಚ್ಚು ಹಾಕುತ್ತೇನೆ. ದಪ್ಪ ಕಾಗದ ಬೇಕು ಎಂದಾಗಲೆಲ್ಲ ಕಚೇರಿಯವರು ಯಾಕೆ ಎಂದು ಕೇಳುತ್ತಾರೆ. ಆನ್‌ಲೈನ್ ಟೀಚರ್‌ಗೆ ಇಷ್ಟು ಕಾಗದವೇ?

ಕಾರ್ಡಿಗೆ. ನಲಿ-ಕಲಿ ಕಾರ್ಡುಗಳ ಹಾಗೆ ನಾನೇ ಕತ್ತರಿಸಿ, ಪ್ರತಿ ಮಗುವಿಗೂ ಅಂಚೆಯಲ್ಲಿ ಕಳಿಸುತ್ತೇನೆ. ಪರದೆಯ ಮೇಲೆ ನಾನು 'ಗ' ತೋರಿಸಿದಾಗ ಅವರ ಮೇಜಿನ ಮೇಲೂ ಒಂದು ಗ ಬಿದ್ದಿರಬೇಕು, ಮುಟ್ಟಿದರೆ ಸರಿಯಬೇಕು, ಕಳೆದುಹೋದರೆ ಮೇಜಿನ ಕೆಳಗೆ ಹುಡುಕಬೇಕು.

ಮೊನ್ನೆ ಪಾಠ ಮುಗಿಸಿ ಎಲ್ಲರೂ ಹೋದ ಮೇಲೆ ಲೂಲಿಯೋದ ಕಿಟಕಿ ಮಾತ್ರ ತೆರೆದೇ ಇತ್ತು. ಟೋಪಿಯ ಅಮ್ಮ ಕ್ಯಾಮೆರಾದ ಹತ್ತಿರ ಬಂದು, ಕಾಗದದ ಚೂರೊಂದನ್ನು ನೇರವಾಗಿಯೇ ಹಿಡಿದರು. ಹುಡುಗಿಯ ಕೈಬರಹವಲ್ಲ, ಬೇರೆ. 'ಅರಸ' ಎಂದಿತ್ತು, ರ ತುಸು ಸೊಟ್ಟ. ಐದೂ ಅಕ್ಷರ ಮುಗಿಯಿತು, ಜ ವ ಮ ಬ ನ ಕಾರ್ಡುಗಳನ್ನು ಕಳಿಸು ಎಂದರು. ಎರಡು ಪ್ರತಿ ಬೇಕಂತೆ. ಇಲ್ಲಿ ಅಂಚೆಯವನು ದಿನ ಬಿಟ್ಟು ದಿನ ಬರುತ್ತಾನೆ. ಸಂಜೆಯೊಳಗೆ ಹಳದಿ ಡಬ್ಬಿಗೆ ಹಾಕದಿದ್ದರೆ ಮಂಗಳವಾರದ ಪಾಠಕ್ಕೆ ಮುಟ್ಟುವುದಿಲ್ಲ. ಕತ್ತರಿ ಹುಡುಕಬೇಕು.