ಕುಮಾವೂಂ ಬೆಟ್ಟ ನಮ್ಮ ಕಾಲಿಗೆ ಆಗತ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಉತ್ತರಾಖಂಡದ ಕುಮಾವೂಂನಲ್ಲಿ ಸೈಕಲ್ ಪ್ರವಾಸ ಎಂದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: "ಅಷ್ಟು ಏರು ನಮ್ಮ ಕೈಲಿ ತುಳಿಯೋಕೆ ಆಗತ್ತಾ?" ವಾರಕ್ಕೆ ಎರಡು ಸಲ ಮೂವತ್ತು–ನಲವತ್ತು ಕಿಲೋಮೀಟರ್ ತುಳಿಯುವ ಅಭ್ಯಾಸ ಇದ್ದವರಿಗೆ ಆಗುತ್ತದೆ. ಸೋಲುವುದು ಸಾಮಾನ್ಯವಾಗಿ ಕಾಲಲ್ಲ, ಸೈಕಲ್ಲಿನ ಕೊನೆಯ ಗೇರು. ಅದು ಸರಿ ಇದ್ದವರನ್ನೂ ಸುಸ್ತು ಮಾಡುವ ಇನ್ನೊಂದು ಸಂಗತಿ, ರಾತ್ರಿ ತಂಗುವ ಊರಿನ ಆಯ್ಕೆ.

ಮೊದಲು ಗೇರಿನ ಲೆಕ್ಕ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ರಸ್ತೆ ನೂರಕ್ಕೆ 7ರ ಏರು, ಅಂದರೆ 100 ಮೀಟರ್ ಸಾಗುವಷ್ಟರಲ್ಲಿ 7 ಮೀಟರ್ ಮೇಲೆ. ಮುಂದೆ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಹಲ್ಲು ಇರುವ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.6 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ಉಳಿಸಿಕೊಳ್ಳಲು ಗಂಟೆಗೆ ಸುಮಾರು 9.4 ಕಿಲೋಮೀಟರ್ ವೇಗ ಬೇಕು, ಅದಕ್ಕೆ ಹೆಚ್ಚುಕಮ್ಮಿ 200 ವ್ಯಾಟ್ ಶಕ್ತಿ ಬೇಕು. ಅಷ್ಟು ಶಕ್ತಿಯನ್ನು ಮೂರು ಗಂಟೆ ಕೊಡಬಲ್ಲವರು ಈ ಪ್ರಶ್ನೆ ಕೇಳುವುದಿಲ್ಲ. ಅದೇ ಏರಿನಲ್ಲಿ ಮುಂದೆ 24, ಹಿಂದೆ 34 ಹಲ್ಲಿದ್ದರೆ ಒಂದು ಸುತ್ತಿಗೆ 1.5 ಮೀಟರ್, ಗಂಟೆಗೆ ಐದೂವರೆ ಕಿಲೋಮೀಟರ್, ಸುಮಾರು 115–120 ವ್ಯಾಟ್. ಮಾತಾಡಿಕೊಂಡೇ ತುಳಿಯಬಹುದು. ಆದ್ದರಿಂದ ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಹಿಂದಿನ ಅತಿ ದೊಡ್ಡದಕ್ಕಿಂತ ಕಡಿಮೆ ಇರಲೇಬೇಕು. ಭಾಗಿಸಿದರೆ 0.75ರ ಆಸುಪಾಸು ಬಂದರೆ ನೆಮ್ಮದಿ.

ನಮ್ಮಲ್ಲಿ ಮಾರುವ ಎಷ್ಟೋ ಹೈಬ್ರಿಡ್ ಮತ್ತು ಎಂಟಿಬಿಗಳಲ್ಲಿ (ಮೌಂಟನ್ ಬೈಕ್) ಹಿಂದೆ 14ರಿಂದ 28 ಹಲ್ಲಿನವರೆಗಿನ ಏಳು ಗೇರಿನ ಫ್ರೀವೀಲ್, ಅಂದರೆ ಹಲ್ಲುಚಕ್ರಗಳ ಗೊಂಚಲು ಇರುತ್ತದೆ. ಅದನ್ನು ಬಿಚ್ಚಿಸಿ 14–34ರದ್ದು ಹಾಕಿಸಿ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ಯಾವುದರಲ್ಲೂ ಇಲ್ಲ. ಕೊನೆಯಲ್ಲಿ 24ರಿಂದ ಒಮ್ಮೆಗೇ 34ಕ್ಕೆ ನೆಗೆಯುತ್ತದೆ, ಕಾಲಿಗೆ ಅದು ಗೊತ್ತಾಗುತ್ತದೆ, ಇರಲಿ. ಎಚ್ಚರ ಬೇಕಾದ ಜಾಗ ಚೈನ್. ಹಳೆಯ ಅಳತೆಯ ಚೈನ್ ಬಿಟ್ಟು, ಅಪ್ಪಿತಪ್ಪಿ ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಒಟ್ಟಿಗೆ ಹಾಕಿದಿರೋ, ಚೈನ್ ಬಿಗಿದು, ಗೇರ್ ಬದಲಿಸುವ ಹಿಂದಿನ ಡಿರೈಲರ್ ಕಿತ್ತುಕೊಂಡು ಬರುತ್ತದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಲ್ಲಿ ಪೆಡಲ್ ತಿರುಗಿಸುತ್ತ ಆ ಜೋಡಿಗೆ ನಿಧಾನವಾಗಿ ಹಾಕಿ ನೋಡಿ; ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಇನ್ನೂ ಒಂದೆರಡು ಕೊಂಡಿ ಇರುವ ಚೈನ್ ಹಾಕಿಸಿ. ಡಿರೈಲರ್‌ನ ಮೇಲಿನ ಪುಟ್ಟ ಚಕ್ರ 34ರ ಹಲ್ಲಿಗೆ ಉಜ್ಜುತ್ತಿದ್ದರೆ ಡಿರೈಲರ್‌ನ ಹಿಂಬದಿಯ ಬಿ-ಸ್ಕ್ರೂ ತಿರುಗಿಸಿ ಐದಾರು ಮಿಲಿಮೀಟರ್ ಸಂದು ಬಿಡಿಸಿ.

ಪರೀಕ್ಷೆಗೆ ನಂದಿ ಬೆಟ್ಟ ಸಾಕು, ಆದರೆ ಪ್ರವಾಸದ ಸಾಮಾನನ್ನೆಲ್ಲ ಹೇರಿಕೊಂಡು. ಸೀಟಿನಿಂದ ಏಳದೆ, ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡುತ್ತ ಮೇಲೆ ಮುಟ್ಟಿದರೆ ಗೇರ್ ಸರಿಯಿದೆ. ಕೊನೆಯ ತಿರುವುಗಳಲ್ಲಿ ಹಾವಿನಂತೆ ಅಡ್ಡಡ್ಡ ಓಡಿಸಬೇಕಾಗಿ ಬಂದರೆ ಇಲ್ಲ.

ಇನ್ನು ದಿನದ ಯೋಜನೆ. ಕಿಲೋಮೀಟರ್ ಲೆಕ್ಕ ಮರೆತುಬಿಡಿ. ಎಷ್ಟು ಮೀಟರ್ ಎತ್ತರ ಹತ್ತಬೇಕು ಅಂತ ನೋಡಿ. ವಿಶ್ರಾಂತಿ, ಚಹಾ ಎಲ್ಲ ಸೇರಿಸಿದರೆ ಸಾಮಾನಿನ ಸೈಕಲ್ಲಿಗೆ ಗಂಟೆಗೆ 250–300 ಮೀಟರ್ ಹಿಡಿಯಬಹುದು. ರೈಲಿನ ಕೊನೆಯ ನಿಲ್ದಾಣ ಕಾಠಗೋದಾಮ್ ಸುಮಾರು 550 ಮೀಟರ್ ಎತ್ತರದಲ್ಲಿದೆ, ಭೀಮತಾಲ್ 1,370ರಲ್ಲಿ. ದೂರ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಆದರೆ ಮೂರು ಗಂಟೆಯ ಕೆಲಸ. ಮೊದಲ ದಿನಕ್ಕೆ ಅಷ್ಟೇ ಸಾಕು. ದಿನಕ್ಕೆ 1,000 ಮೀಟರ್ ದಾಟದಿದ್ದರೆ ಮಾರನೆಯ ದಿನವೂ ಮಂಡಿ ಮಾತು ಕೇಳುತ್ತದೆ. ಹಳೆಯ ಮೋಟಾರು ರಸ್ತೆಗಳು ಹೆಚ್ಚಾಗಿ ನೂರಕ್ಕೆ 5–6ರ ಹದವಾದ ಏರಿನವು. ಹಳ್ಳಿಗಳಿಗೆ ಹೊಸದಾಗಿ ಕಡಿದ ಅಡ್ಡದಾರಿಗಳು 12–15ಕ್ಕೂ ಹೋಗುತ್ತವೆ. ಮೊಬೈಲ್ ನಕ್ಷೆ ಅವನ್ನು "ಹತ್ತಿರದ ದಾರಿ" ಎಂದು ತೋರಿಸಿದರೆ ನಂಬಬೇಡಿ.

ತಂಗುವ ಊರಿನ ಮಾತು ಈಗ. ಹೋಟೆಲುಗಳು ಹೆಚ್ಚಾಗಿ ಇರುವುದು ಬೆಟ್ಟದ ನೆತ್ತಿಯಲ್ಲಿ, ಹಿಮಶಿಖರ ಕಾಣುವ ಕಡೆ. ಅಲ್ಲಿ ಉಳಿದರೆ ಬೆಳಿಗ್ಗೆ ಕೈ ಮರಗಟ್ಟುವ ಚಳಿಯಲ್ಲಿ, ತೇವದ ರಸ್ತೆಯಲ್ಲಿ ಇಳಿಯಬೇಕು. ಕಣಿವೆ ಮುಟ್ಟುವ ಹೊತ್ತಿಗೆ ಬಿಸಿಲೇರಿ, ಎದುರಿನ ಬೆಟ್ಟವನ್ನು ನೆತ್ತಿ ಸುಡುವ ಮಧ್ಯಾಹ್ನ ಹತ್ತಬೇಕು. ಪ್ರವಾಸವನ್ನು ಅರ್ಧಕ್ಕೇ ಬಿಡುವ ಮನಸ್ಸಾಗುವುದು ಈ ಎರಡನೇ ಏರಿನಲ್ಲೇ. ಹೊಳೆಯ ಪಕ್ಕದ ಊರಿನಲ್ಲಿ ಮಲಗಿದರೆ ಎಲ್ಲ ತಿರುಗಾಮುರುಗಾ: ತಂಪು ಹೊತ್ತಿನಲ್ಲಿ ಏರು, ಮಧ್ಯಾಹ್ನ ಒಣಗಿದ ರಸ್ತೆಯಲ್ಲಿ ಇಳಿಜಾರು.

ಒಂದು ಉದಾಹರಣೆ. ಅಲ್ಮೋರಾ (1,640 ಮೀಟರ್) ಇಳಿದು ಕೋಸಿ ನದಿಯ ದಡ ಹಿಡಿದರೆ ಸೋಮೇಶ್ವರ ಸಿಗುತ್ತದೆ. ಆಗುಂಬೆ ಘಾಟಿಯ ಬುಡದಲ್ಲೂ ನಮಗೊಂದು ಸೋಮೇಶ್ವರ ಇದೆಯಲ್ಲ, ಇದೂ ಹಾಗೆಯೇ ಏರಿನ ಬುಡದ ಊರು, ಸುತ್ತ ಭತ್ತದ ಗದ್ದೆ. ರಾತ್ರಿ ಅಲ್ಲಿದ್ದು ಬೆಳಿಗ್ಗೆ ಕೌಸಾನಿ (1,890) ಹತ್ತಿ. ಕೋಸಿ ಕಣಿವೆ ಮುಗಿದು ಗೋಮತಿ ಕಣಿವೆ ಶುರುವಾಗುವ ದಿಣ್ಣೆ ಅದು. ಶಿಖರ ನೋಡುವುದಕ್ಕೂ ಬೆಳಗೇ ಒಳ್ಳೆಯದು, ಮಧ್ಯಾಹ್ನಕ್ಕೆ ಮೋಡ ಮುಚ್ಚುವುದು ಹೆಚ್ಚು. ಊಟ ಮುಗಿಸಿ ಗರುಡ್, ಬೈಜನಾಥಕ್ಕೆ ಇಳಿದರೆ ಸುಮಾರು 1,125 ಮೀಟರಿನಲ್ಲಿ ಗೋಮತಿ ದಡದ ಕಲ್ಲಿನ ಗುಡಿಗಳು. ಮುಂದೆ ಗೋಮತಿ ಸರಯೂ ಸೇರುವ ಬಾಗೇಶ್ವರದವರೆಗೆ ಹೊಳೆ ಪಕ್ಕದ ದಾರಿ. ಹೊಳೆ ಪಕ್ಕ ಅಂದರೆ ಸಮತಟ್ಟು ಎಂದುಕೊಳ್ಳಬೇಡಿ. ಪ್ರತಿ ತೊರೆ ದಾಟುವಾಗಲೂ ರಸ್ತೆ ಇಳಿದು ಮತ್ತೆ ಹತ್ತುತ್ತದೆ.

ಓಕ್ ಕಾಡಿನ ರಸ್ತೆಗೆ ಅದರದ್ದೇ ಗುಣ ಇದೆ. ಇಲ್ಲಿ ಬಾಂಜ್ ಎಂದು ಕರೆಯುವ ಈ ಮರ ಸುಮಾರು 1,500 ಮೀಟರ್ ಮೇಲೆ, ಒದ್ದೆ ನೆಲದಲ್ಲಿ ದಟ್ಟವಾಗುತ್ತದೆ. ಎಲೆಯ ಅಡಿಭಾಗ ಬೆಳ್ಳಗೆ, ಗಾಳಿಗೆ ಕಾಡೇ ಬಣ್ಣ ಬದಲಿಸಿದಂತೆ ಕಾಣುತ್ತದೆ. ಭೋವಾಲಿಯಿಂದ ಗಾಗರ್ ದಾಟಿ ರಾಮಗಢಕ್ಕೆ ಹೋಗುವ ದಾರಿಯಲ್ಲಿ, ಬಿನ್ಸರ್ ಸುತ್ತಮುತ್ತ ಇದನ್ನು ನೋಡಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಹಳೆಯ ಎಲೆ ಉದುರಿ ಹೊಸದು ಬರುತ್ತದೆ. ಉದುರಿದ ಎಲೆ ತಿರುವಿನ ಒಳಮೂಲೆಯಲ್ಲಿ ರಾಶಿ ಬೀಳುತ್ತದೆ, ಅದರಡಿ ಜಲ್ಲಿಯೋ ಗುಂಡಿಯೋ ಕಾಣುವುದಿಲ್ಲ. ತಿರುವಿನ ಮೊದಲೇ ವೇಗ ಇಳಿಸಿ, ಎಲೆಯ ಮೇಲೆ ಬ್ರೇಕ್ ಮುಟ್ಟಬೇಡಿ. ಅದಕ್ಕಿಂತ ಕೆಳಗಿನ ಒಣ ಇಳಿಜಾರುಗಳಲ್ಲಿ ಚೀಡ್ ಪೈನ್. ಅದರ ಸೂಜಿ ಎಲೆ ಒಣಗಿದ್ದಾಗಲೂ ಜಾರುತ್ತದೆ. ಬಾಂಜ್ ಕಾಡಿನ ದೊಡ್ಡ ಉಪಕಾರ ನೀರು. ಅದರ ಆಸುಪಾಸಿನ ಹಳ್ಳಿಗಳಲ್ಲಿ ಧಾರಾ, ನೌಲಾ ಎನ್ನುವ ಒರತೆಗಳಿರುತ್ತವೆ; ಸೋಸಿ ಕುಡಿಯಿರಿ. ಪೈನ್ ಇಳಿಜಾರಿನಲ್ಲಿ ಆ ಭರವಸೆ ಇಲ್ಲ, ಕಣಿವೆ ಬಿಡುವಾಗಲೇ ಎರಡು ಲೀಟರ್ ತುಂಬಿಸಿಕೊಳ್ಳಿ.

ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯಬಾರದು. ರಿಮ್ ಬ್ರೇಕಿನಲ್ಲಿ ರಿಮ್ ಕಾದು ಟ್ಯೂಬ್ ಒಡೆಯಬಹುದು. ಡಿಸ್ಕಿನಲ್ಲಿ ಪ್ಯಾಡ್ ಮೇಲ್ಮೈ ಗಾಜಿನಂತಾಗಿ ಹಿಡಿತ ಹೋಗುತ್ತದೆ. ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ತಂತಿಯ ಡಿಸ್ಕ್ ಬ್ರೇಕಾದರೆ ಪ್ಯಾಡ್ ಸವೆದಂತೆ ಲಿವರ್ ಹ್ಯಾಂಡಲ್ಲಿಗೆ ತಾಗತೊಡಗುತ್ತದೆ. ಬರೀ ತಂತಿ ಬಿಗಿದರೆ ಹೊರಗಿನ ಪ್ಯಾಡ್ ಮಾತ್ರ ಹತ್ತಿರ ಬಂದು ಡಿಸ್ಕನ್ನು ಒಂದೇ ಕಡೆಗೆ ಬಾಗಿಸುತ್ತದೆ. ಒಳಗಿನ ಪ್ಯಾಡಿನ ಸ್ಕ್ರೂವನ್ನೂ ಅಷ್ಟಷ್ಟೇ ತಿರುಗಿಸಿ.

ಸಾಮಾನು 10–12 ಕಿಲೋ ಮೀರದಿರಲಿ. ಕ್ಯಾರಿಯರ್ ಬೋಲ್ಟುಗಳನ್ನು ದಿನಾ ಸಂಜೆ ಮುಟ್ಟಿ ನೋಡಿ, ಅಲುಗಾಟಕ್ಕೆ ಸಡಿಲವಾಗುತ್ತವೆ. ಟಯರ್ 35ರಿಂದ 42 ಮಿಲಿಮೀಟರ್, ಗಾಳಿ 50–60 ಪಿಎಸ್‌ಐ. ಕಡ್ಡಿ ಮುರಿಯುವುದು ಬಹುತೇಕ ಹಿಂದಿನ ಚಕ್ರದ ಚೈನ್ ಬದಿಯಲ್ಲೇ. ಬದಲಿಸಲು ಫ್ರೀವೀಲ್ ಬಿಚ್ಚಲೇಬೇಕು, ಹಾಗಾಗಿ ಎರಡು ಕಡ್ಡಿಯ ಜೊತೆ ಅದರ ರಿಮೂವರ್ ಕೂಡ ಚೀಲದಲ್ಲಿರಲಿ. ತಿರುಗಿಸಲು ದೊಡ್ಡ ಸ್ಪ್ಯಾನರ್ ಯಾವ ಲಾರಿ ಗ್ಯಾರೇಜಿನಲ್ಲೂ ಸಿಗುತ್ತದೆ. ಎರಡು ಟ್ಯೂಬು, ಒಂದು ಗೇರ್ ತಂತಿ, ಎರಡು ಜೊತೆ ಪ್ಯಾಡ್, ಡಿರೈಲರ್ ನೇತುಬೀಳುವ ಹ್ಯಾಂಗರ್ ಒಂದು. ಕೊನೆಯದನ್ನು ನಿಮ್ಮ ಸೈಕಲ್ಲಿನ ಮಾದರಿಗೆ ಸರಿಯಾಗಿ ಊರಲ್ಲೇ ಕೊಳ್ಳಿ. ಕಾಠಗೋದಾಮ್ ಪಕ್ಕದ ಹಲ್ದ್ವಾನಿ ದಾಟಿದರೆ ಇವು ಸಿಗುತ್ತವೆಂದು ನೆಚ್ಚಿಕೊಳ್ಳಬೇಡಿ.

ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಹೋಗಿ: ಆಕಾಶ ಶುಭ್ರ, ರಸ್ತೆ ಒಣ. ಮಾರ್ಚ್‌ನಲ್ಲಿ ಬಾಂಜ್ ನಡುವೆ ಬುರಾಂಸ್ (ರೋಡೋಡೆಂಡ್ರಾನ್ ಹೂವು) ಕೆಂಪಗೆ ಅರಳಿರುತ್ತದೆ, ಅದೂ ಚೆನ್ನ. ಮೇ ಬಂದರೆ ಪೈನ್ ಕಾಡಿನ ಬೆಂಕಿಯ ಹೊಗೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಗುಡ್ಡ ಕುಸಿತ. ಖೈರನಾದಿಂದ ಅಲ್ಮೋರಾಕ್ಕೆ ಹೋಗುವ ಕೋಸಿ ದಡದ ಹೆದ್ದಾರಿ ಕ್ವಾರಬ್ ಬಳಿ ಕುಸಿದು ಮುಚ್ಚುವುದುಂಟು, ಆದ್ದರಿಂದ ಖೈರನಾಕ್ಕೂ ಮೊದಲು ಸಿಗುವ ಭೋವಾಲಿಯ ಚಹಾದಂಗಡಿಯಲ್ಲೇ ವಿಚಾರಿಸಿಕೊಂಡು ಮುಂದೆ ಹೊರಡಿ.