‘ಎಷ್ಟು ಚೆನ್ನಾಗಿ ಮಾತಾಡ್ತೀಯಾ’ ಅನ್ನಬೇಡಿ

ಜಪಾನಿನಲ್ಲಿ ಹೊರಗಿನವರು ಬಾಯಿ ಬಿಟ್ಟು ‘ಕೊನ್ನಿಚಿವಾ’ ಅಂದರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತೆ. ‘ನಿಹೊಂಗೊ ಜೋಜು ದೆಸು ನೆ’ ಅಂತಾರೆ. ಜಪಾನಿ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತೀರಿ ಅಂತ. ಟ್ಯಾಕ್ಸಿಯವರು, ಹಲ್ಲಿನ ಡಾಕ್ಟರು, ವಾರ್ಡ್ ಆಫೀಸಿನ ಕೌಂಟರಿನವರು, ಎಲ್ಲರೂ. ಹೊಸದರಲ್ಲಿ ಈ ಮಾತು ನನಗೆ ಬಹಳ ಧೈರ್ಯ ಕೊಟ್ಟಿತ್ತು. ತಮ್ಮ ಭಾಷೆಯಲ್ಲಿ ತಡವರಿಸುವವರನ್ನು ನೋಡಿ ನಗದೆ ಇರುವುದು ದೊಡ್ಡ ಗುಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದು ಜಪಾನಿನವರ ಮೇಲಿನ ದೂರು ಅಂತ ಯಾರಿಗೂ ಅನ್ನಿಸಬಾರದು.

ಮೊನ್ನೆ ಶನಿವಾರ ಮಗಳು, ಅವಳ ಗೆಳತಿ ಇಬ್ಬರನ್ನೂ ಸ್ಟೇಷನ್ ಹತ್ತಿರದ ಬೇಕರಿಗೆ ಕರೆದುಕೊಂಡು ಹೋಗಿದ್ದೆ. ಇಬ್ಬರೂ ಮೂರನೇ ಕ್ಲಾಸು. ಗೆಳತಿ ಜಪಾನಿ ಹುಡುಗಿ. ಅವಳು ಟ್ರೇ ಹಿಡಿದಳು, ನಮ್ಮವಳು ಇಕ್ಕಳದಲ್ಲಿ ಮೆಲನ್ ಬ್ರೆಡ್ ಎತ್ತಿ ಇಟ್ಟಳು. ಈಗಷ್ಟೇ ಬೇಯಿಸಿದ್ದು ಯಾವುದು ಅಂತ ಇಬ್ಬರೂ ಒಂದೇ ಸಮನೆ ಕೇಳಿದರು. ಕೌಂಟರಿನಲ್ಲಿದ್ದ ಹೆಂಗಸು ಒಂದೊಂದೇ ಬ್ರೆಡ್ಡನ್ನು ಕವರಿಗೆ ಹಾಕುತ್ತಾ ನನ್ನ ಮಗಳ ಕಡೆ ಬಗ್ಗಿ, ‘ನಿಹೊಂಗೊ ಜೋಜು ನೇ’ ಅಂದರು. ಗೆಳತಿ ತಟ್ಟನೆ, ‘ನಾವಿಬ್ಬರೂ ಒಂದೇ ಕ್ಲಾಸು’ ಅಂದಳು. ಆಕೆ ನಕ್ಕು, ಎರಡು ಚೂರು ರಸ್ಕ್ ಜಾಸ್ತಿ ಹಾಕಿ ಕೊಟ್ಟರು. ಒಳ್ಳೆಯ ಹೆಂಗಸು.

ಗೆಳತಿಯನ್ನು ಮನೆಗೆ ಬಿಟ್ಟು ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ನಿಂತಿದ್ದೆವು. ‘ಅಮ್ಮ, ಅವಳಿಗ್ಯಾಕೆ ಹೇಳಲಿಲ್ಲ?’ ಅಂದಳು.

‘ನಾವು ಇಂಡಿಯಾದವರಲ್ವಾ ಪುಟ್ಟಿ, ಅದಕ್ಕೆ.’

‘ಇಂಡಿಯಾದಲ್ಲೂ ಹಂಗೇ ಅಂತಾರಲ್ಲ? ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾಳೆ ಅಂತ. ದೊಡ್ಡಪ್ಪನೂ ಅಂದ್ರು. ಮದುವೆ ಮನೇಲಿ ಆ ಆಂಟಿನೂ ಅಂದ್ರು.’

ಬೇಜಾರಿನಿಂದ ಹೇಳಿದ್ದಲ್ಲ. ರಸ್ಕ್ ತಿನ್ನುತ್ತಾ ಹೇಳಿದಳು. ಸಿಗ್ನಲ್ ಬಿತ್ತು, ಮುಂದೆ ಓಡಿದಳು. ನನಗೆ ಮಾತ್ರ ಅವತ್ತಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅವಳಿಗೆ ಬರುವುದು ಈ ಎರಡೇ ಭಾಷೆ. ಎರಡರಲ್ಲೂ ಅವಳನ್ನು ಹೊಗಳುತ್ತಾರೆ. ಸ್ವಂತ ಮನೆಯಲ್ಲಿ ಓಡಾಡಿದ್ದಕ್ಕೆ ಯಾರಾದರೂ ಯಾರನ್ನಾದರೂ ಹೊಗಳುತ್ತಾರಾ?

ಇಲ್ಲಿಯವರು ನಾವು ಆಡಿದ ಮಾತು ಕೇಳುವ ಮೊದಲೇ ಮುಖ ನೋಡಿರುತ್ತಾರೆ. ಮಗಳ ಶಾಲೆಯಲ್ಲಿ ಬ್ರೆಜಿಲಿನಿಂದ ಬಂದ ಒಬ್ಬ ತಾಯಿ ಇದ್ದಾರೆ. ಅವರ ಮುತ್ತಜ್ಜ ಜಪಾನಿನಿಂದ ಅಲ್ಲಿಗೆ ಕಾಫಿ ತೋಟದ ಕೂಲಿಗೆ ಹೋದವರು. 1990ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಅಂಥ ಎಷ್ಟೋ ಕುಟುಂಬಗಳು ಹಮಾಮತ್ಸು, ಓಇಜುಮಿ ಕಡೆಯ ಕಾರ್ಖಾನೆ ಕೆಲಸಕ್ಕೆ ಅಂತ ಇಲ್ಲಿಗೆ ಬಂದವು. ಆಕೆಯದು ಅಪ್ಪಟ ಜಪಾನಿ ಮುಖ. ಹಾಗಾಗಿ ಆಕೆಗೆ ಒಮ್ಮೆಯೂ ‘ಜೋಜು’ ಸಿಕ್ಕಿಲ್ಲ. ಒಂದು ಪದ ತಪ್ಪಿದರೆ, ಇವರಿಗೇನಾಗಿದೆ ಅನ್ನುವ ಹಾಗೆ ನೋಡುತ್ತಾರಂತೆ. ಅದೇ ತಪ್ಪನ್ನು ನಾನು ಮಾಡಿದರೆ ಚಪ್ಪಾಳೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ವಾರ್ಡಿನ ಸ್ವಯಂಸೇವಕರ ಭಾಷಾ ತರಗತಿಯಲ್ಲಿ ಕಲಿತವರು.

ಕೊಂಬಿನಿ ಅನ್ನುವ, ಹಗಲು ರಾತ್ರಿ ತೆರೆದಿರುವ ಅಂಗಡಿಗಳ ಕೌಂಟರಿನಲ್ಲಿರುವ ನೇಪಾಳ, ವಿಯೆಟ್ನಾಂ ಹುಡುಗರ ಕಥೆ ಇನ್ನೊಂದು. ಪಾರ್ಸೆಲ್ಲು, ಕರೆಂಟು ಬಿಲ್ಲು, ಬಿಸಿ ಮಾಡಬೇಕಾದ ಊಟ, ಎಲ್ಲವನ್ನೂ ನಿಭಾಯಿಸುತ್ತಾ ಗಿರಾಕಿಗಳ ಹತ್ತಿರ ಬಹುವಚನದ ಬಹುವಚನದಲ್ಲಿ ಮಾತಾಡುತ್ತಾರೆ. ಆ ಮರ್ಯಾದೆಯ ಭಾಷೆ ಎಷ್ಟು ಕಷ್ಟ ಅನ್ನುವುದು ಕಲಿತವರಿಗೆ ಗೊತ್ತು. ಅವರನ್ನು ಯಾರಾದರೂ ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ಹೊಗಳಿಕೆ ಅತಿಥಿಗೆ, ದುಡಿಯುವವನಿಗಲ್ಲ.

2024ರ ಕೊನೆಗೆ ಜಪಾನಿನಲ್ಲಿ ನೆಲೆಸಿರುವ ವಿದೇಶಿಯರು 37 ಲಕ್ಷ ದಾಟಿದ್ದರು. ಜಪಾನಿ ಭಾಷೆಯಲ್ಲಿ ಬರೆದು ಇಲ್ಲಿಯ ದೊಡ್ಡ ಸಾಹಿತ್ಯ ಪ್ರಶಸ್ತಿ ಅಕುತಗಾವವನ್ನು 2008ರಲ್ಲಿ ಚೀನಾದಲ್ಲಿ ಹುಟ್ಟಿದ ಯಾಂಗ್ ಯಿ, 2021ರಲ್ಲಿ ತೈವಾನಿನ ಲಿ ಕೊತೊಮಿ ಪಡೆದರು. ಇಬ್ಬರ ಮಾತೃಭಾಷೆಯೂ ಜಪಾನಿ ಅಲ್ಲ. ಟೋಕಿಯೋದಲ್ಲಿ ನಾವಿರುವ ಎದೊಗಾವಾ ವಾರ್ಡಿನಲ್ಲೇ 2019ರಲ್ಲಿ ಭಾರತದಿಂದ ಬಂದ ಯೋಗೇಂದ್ರ ಪುರಾಣಿಕ್ ಜಪಾನಿಯಲ್ಲೇ ಪ್ರಚಾರ ಮಾಡಿ ವಾರ್ಡ್ ಸಭೆಗೆ ಗೆದ್ದರು. ಆದರೂ ನಮ್ಮ ಮಕ್ಕಳನ್ನು ಕಂಡ ಕೂಡಲೇ ಮಾತು ನಿಧಾನವಾಗುತ್ತೆ, ಪದಗಳು ಸುಲಭವಾಗುತ್ತವೆ.

ನಿಧಾನವಾಗಿ ಮಾತಾಡುವುದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ. 1995ರ ಕೋಬೆ ಭೂಕಂಪದಲ್ಲಿ ಎಚ್ಚರಿಕೆಯ ಮಾತುಗಳೇ ಅರ್ಥವಾಗದೆ ಎಷ್ಟೋ ವಿದೇಶಿಯರು ಕಷ್ಟಪಟ್ಟರು. ಆಮೇಲೆ ಇಲ್ಲಿಯವರು ‘ಯಸಾಶೀ ನಿಹೊಂಗೊ’ ಅನ್ನುವ ಸರಳ ಜಪಾನಿ ರೂಢಿಗೆ ತಂದರು. ನನಗೆ ಅದು ತುಂಬಾ ಸಹಾಯವಾಗಿದೆ. ವಾರ್ಡಿನ ಎಷ್ಟೋ ನೋಟಿಸುಗಳನ್ನು ಓದಲು ಸಾಧ್ಯವಾಗುವುದು ಅದರಿಂದಲೇ. ಇಲ್ಲೇ ಹುಟ್ಟಿದ ಹುಡುಗಿಗೆ ಮಾತ್ರ ಅದು ಬೇಕಿಲ್ಲ.

ಪಕ್ಕದ ಮನೆಯ ಅಜ್ಜಿಯೊಬ್ಬರು ಇದ್ದಾರೆ. ಮಗಳನ್ನು ಅವರು ಒಂದು ಸಲವೂ ಹೊಗಳಿಲ್ಲ. ಹೋದ ಚಳಿಗಾಲದಲ್ಲಿ ಕಿತ್ತಳೆ ಹಣ್ಣು ಕೊಡಲು ಬಾಗಿಲಿಗೆ ಬಂದಿದ್ದರು. ಮಗಳು ಕೈ ಚಾಚಿ ‘ಅರಿಗಾತೊ’ ಅಂದಳು, ಥ್ಯಾಂಕ್ಸ್ ಅಂತ. ಅಜ್ಜಿ ಚೀಲ ಬಿಡಲಿಲ್ಲ. ಹಾಗೇ ಹಿಡಿದುಕೊಂಡು, ಹುಬ್ಬೇರಿಸಿ ನಿಂತರು. ಇವಳು ಮರ್ಯಾದೆಯ ‘ಗೊಜಾಇಮಸು’ ಸೇರಿಸಿದ ಮೇಲೇ ಚೀಲ ಕೈಗೆ ಬಂತು. ದೊಡ್ಡವರ ಹತ್ತಿರ ಅರ್ಧ ಮಾತಾಡಬಾರದು ಅಂತ ಗದರಿ ಹೋದರು. ತಮ್ಮ ಮೊಮ್ಮಗನಿಗೂ ಹೀಗೇ ಮಾಡುತ್ತಾರೆ. ಇಡೀ ಬಿಲ್ಡಿಂಗಿನಲ್ಲಿ ನನ್ನ ಮಗಳು ಕೇಳದೆಯೇ ಒಳಗೆ ನುಗ್ಗುವುದು ಅವರ ಮನೆಗೆ ಮಾತ್ರ.

ನಮ್ಮೂರು ಪಿರಿಯಾಪಟ್ಟಣ. ಬೈಲುಕುಪ್ಪೆಯ ಟಿಬೆಟನ್ನರು ನಮಗೆ ಹೊಸಬರಲ್ಲ. 1960ರ ದಶಕದ ಮೊದಲಿನಿಂದ ಅಲ್ಲಿದ್ದಾರೆ, ಕಾಡು ಕಡಿದು ಮುಸುಕಿನ ಜೋಳ ಬೆಳೆದವರು. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಕುಶಾಲನಗರದ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಟಿಬೆಟನ್ ಹೆಂಗಸೊಬ್ಬರು ಕೂತಿದ್ದರು, ಕಾಲ ಬಳಿ ಸಂತೆಯ ಚೀಲ. ಕಂಡಕ್ಟರ್ ಹತ್ತಿರ ಚಿಲ್ಲರೆಗೆ ನಮ್ಮಷ್ಟೇ ಜೋರಾಗಿ ಜಗಳ ಆಡಿದ್ದರು. ಅಜ್ಜಿಗೆ ಬಹಳ ಖುಷಿಯಾಯಿತು. ‘ಎಷ್ಟು ಚಂದ ಕನ್ನಡ ಮಾತಾಡ್ತೀಯಮ್ಮ’ ಅಂದರು. ‘ಇಲ್ಲೇ ಹುಟ್ಟಿದ್ದು ಅಜ್ಜಿ’ ಅಂದರು ಆಕೆ. ಅಜ್ಜಿ ಬಿಡಲಿಲ್ಲ. ‘ಹಂಗಾದ್ರೆ ನಿಮ್ಮೂರಿಗೆ ಯಾವಾಗ ಹೋಗ್ತೀರಿ?’

‘ಈಗಲೇ. ಕೊಪ್ಪದಲ್ಲಿ ಇಳ್ಕೋತೀನಿ.’

ಆಕೆ ಹೇಳಿದ್ದು ಬೈಲುಕುಪ್ಪೆ ಪಕ್ಕದ ಕೊಪ್ಪ, ಅಜ್ಜಿ ಕೇಳಿದ್ದು ಟಿಬೆಟ್ಟಿನ ಬಗ್ಗೆ. ಆಕೆಗೂ ಅದು ತಿಳಿದಿತ್ತು ಅಂತ ಈಗ ನನಗೆ ಅನ್ನಿಸುತ್ತೆ. ‘ನಿಮ್ಮ ದೇಶಕ್ಕೆ ಯಾವಾಗ ವಾಪಸ್?’ ಅಂತ ಇಲ್ಲಿ ನನ್ನನ್ನು ಕೇಳುತ್ತಲೇ ಇರುತ್ತಾರೆ. ನನಗಾದರೆ ಉತ್ತರ ಕೊಡಲು ಒಂದು ಊರಿದೆ. ಮಗಳನ್ನು ಕೇಳಿದರೆ ಅವಳು ಇಲ್ಲಿಯ ನಿಶಿಕಸಾಇ ಸ್ಟೇಷನ್ ಹೆಸರು ಹೇಳುತ್ತಾಳೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೇಳುತ್ತಿರುತ್ತಾನೆ, ಹೊರಗಿನಿಂದ ಬಂದವರು ಕನ್ನಡ ಕಲಿಯಲ್ಲ ಅಂತ. ಅವನ ಆಫೀಸಿನಲ್ಲಿ ಒಡಿಶಾದ ಹುಡುಗನೊಬ್ಬ ಪಾಪ ಕಷ್ಟಪಟ್ಟು ‘ಊಟ ಆಯ್ತಾ’ ಅಂದರೆ ಎಲ್ಲರೂ ‘ಸೂಪರ್’ ಅಂತ ಬೆನ್ನು ತಟ್ಟುತ್ತಾರಂತೆ. ಮುಂದಿನ ಮಾತೆಲ್ಲಾ ಹಿಂದಿ, ಇಂಗ್ಲಿಷಿನಲ್ಲಿ. ಇಲ್ಲೂ ಅದೇ. ನಾನು ಜಪಾನಿಯಲ್ಲಿ ಕೇಳುತ್ತೇನೆ, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಆ ಹುಡುಗನಿಗೆ ಬೇಕಾಗಿರುವುದು ಎರಡನೇ ವಾಕ್ಯ. ‘ಆಯ್ತು, ನಿಮ್ಮದು? ಏನು ತಿಂದ್ರಿ?’ ಅಂತ ಕನ್ನಡದಲ್ಲೇ ಯಾರಾದರೂ ಕೇಳಬೇಕು. ತಮ್ಮನಿಗೆ ಇದನ್ನು ಹೇಳಿದ್ದೇನೆ.

ಜುಲೈ ಕೊನೆಗೆ ಇಲ್ಲಿ ಬೇಸಿಗೆ ರಜೆ ಶುರು, ಊರಿಗೆ ಬರುತ್ತಿದ್ದೇವೆ. ದೊಡ್ಡಪ್ಪ, ಅತ್ತೆ, ಚಿಕ್ಕಮ್ಮ, ಇದನ್ನು ಓದುತ್ತಿರುವ ಎಲ್ಲರಿಗೂ ಒಂದು ಮಾತು. ನನ್ನ ಮಗಳ ಕನ್ನಡವನ್ನು ದಯವಿಟ್ಟು ಹೊಗಳಬೇಡಿ. ‘ಮಳೆ’ ಅನ್ನಲು ಹೋಗಿ ‘ಮಲೆ’ ಅಂತಾಳೆ, ಅಲ್ಲೇ ತಿದ್ದಿ. ದೊಡ್ಡವರಿಗೆ ‘ನೀನು’ ಅಂದರೆ ಗದರಿ. ನಿಮ್ಮ ಮಾತಿನ ವೇಗವನ್ನು ಅವಳಿಗೋಸ್ಕರ ಕಡಿಮೆ ಮಾಡಬೇಡಿ, ಗಾದೆಗಳನ್ನು ಬಿಡಿಸಿ ಹೇಳಬೇಡಿ. ಅರ್ಥ ಆಗದಿದ್ದರೆ ಅವಳೇ ಕೇಳುತ್ತಾಳೆ.